ಚೆನ್ನೈಯಲ್ಲಿ ಹಿರಿಯರಿಗೆ ಬಾಡಿಗೆಯ ಆಸರೆ ಮನೆ: ಸೇರುವ ಮುನ್ನ ತಿಳಿದಿರಬೇಕಾದದ್ದು



ನಮ್ಮ ವೈದ್ಯಕೀಯ ನೆರವು ನಿಧಿಗೆ ಹಿರಿಯರ ಪರವಾಗಿ ಬರುವ ಅರ್ಜಿಗಳು ಸಾಮಾನ್ಯವಾಗಿ ಆಸ್ಪತ್ರೆಯ ಬಿಲ್ಲಿನೊಂದಿಗೆ ಬರುತ್ತವೆ. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದದ್ದು, ಸಕ್ಕರೆ ಕಾಯಿಲೆಯ ಗಾಯ ಮಾಗದೆ ಬೆರಳು ತೆಗೆಯಬೇಕಾದದ್ದು, ಮಾತ್ರೆ ಮರೆತು ರಕ್ತದೊತ್ತಡ ಏರಿ ಪಾರ್ಶ್ವವಾಯು ಬಡಿದದ್ದು. ಬಿಲ್ಲಿನ ಮೊತ್ತ ನೋಡಿ ನಾವು ಕೈಲಾದದ್ದನ್ನು ಕೊಡುತ್ತೇವೆ. ಆದರೆ ಅರ್ಜಿಯಲ್ಲಿ ಬರೆಯದ ಪ್ರಶ್ನೆಯೊಂದು ಉಳಿಯುತ್ತದೆ. ಆಸ್ಪತ್ರೆಯಿಂದ ಬಿಟ್ಟ ಮೇಲೆ ಈ ಹಿರಿಯರು ಹೋಗುವುದು ಎಲ್ಲಿಗೆ? ಮೂರನೇ ಮಹಡಿಯ, ಲಿಫ್ಟ್ ಇಲ್ಲದ, ಒಬ್ಬರೇ ಇರುವ ಅದೇ ಬಾಡಿಗೆ ಮನೆಗೇ?

65 ವರ್ಷ ದಾಟಿದವರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಪ್ರತಿ ವರ್ಷ ಒಮ್ಮೆಯಾದರೂ ಬೀಳುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿದ್ದದ್ದಕ್ಕಿಂತಲೂ ಬಿದ್ದ ಮೇಲೆ ಎಷ್ಟು ಹೊತ್ತು ಯಾರಿಗೂ ಗೊತ್ತಾಗದೆ ನೆಲದ ಮೇಲಿದ್ದರು ಎಂಬುದು ಎಷ್ಟೋ ಸಲ ಮುಂದಿನ ಬದುಕನ್ನು ನಿರ್ಧರಿಸುತ್ತದೆ. ಆದ್ದರಿಂದ ವಸತಿಯ ವಿಷಯ ಔಷಧದ ವಿಷಯದಿಂದ ಬೇರೆಯಲ್ಲ. ಈ ಸಂಚಿಕೆಯಲ್ಲಿ, ಹಿರಿಯರು ತಮ್ಮ ಸ್ವಾತಂತ್ರ್ಯವನ್ನು ಬಿಟ್ಟುಕೊಡದೆ ಆಸರೆಯೊಂದಿಗೆ ಬಾಡಿಗೆಗೆ ಇರಬಹುದಾದ ಮನೆಗಳ ಬಗ್ಗೆ, ಅವುಗಳ ಲೆಕ್ಕಾಚಾರ, ಕರಾರು, ಕಾನೂನುಗಳ ಬಗ್ಗೆ ವಿವರವಾಗಿ ಬರೆಯುತ್ತಿದ್ದೇವೆ. ಕತ್ತರಿಸಿ ಇಟ್ಟುಕೊಳ್ಳಿ, ಇಂದಲ್ಲದಿದ್ದರೆ ನಾಳೆ ನಿಮ್ಮ ಮನೆಯಲ್ಲೇ ಯಾರಿಗಾದರೂ ಬೇಕಾದೀತು.

ಇದು ನಮ್ಮವರ ಪ್ರಶ್ನೆ ಹೇಗೆ?

ತಮಿಳುನಾಡು ದೇಶದಲ್ಲೇ ಬೇಗ ಮುದಿಯಾಗುತ್ತಿರುವ ರಾಜ್ಯಗಳಲ್ಲಿ ಒಂದು. 2011ರ ಜನಗಣತಿಯಲ್ಲಿ ದೇಶದ ಜನಸಂಖ್ಯೆಯಲ್ಲಿ 60 ದಾಟಿದವರು 8.6% ಇದ್ದರೆ, ತಮಿಳುನಾಡಿನಲ್ಲಿ 10.4% ಇದ್ದರು. ಆಮೇಲೆ ಈ ಪ್ರಮಾಣ ಏರುತ್ತಲೇ ಇದೆ.

ಚೆನ್ನೈ ಕನ್ನಡಿಗರ ಸಂಗತಿಯಲ್ಲಿ ಇನ್ನೂ ಒಂದು ವಿಶೇಷವಿದೆ. ನಮ್ಮಲ್ಲಿ ಬಹಳಷ್ಟು ಮಂದಿ ಕೆಲಸ ಹುಡುಕಿಕೊಂಡು ಬಂದವರು. ಕಡಂದಲೆ ಕೃಷ್ಣರಾಯರು ವುಡ್‌ಲ್ಯಾಂಡ್ಸ್ ಕಟ್ಟಿದ ಕಾಲದಿಂದ ಉಡುಪಿ, ಕುಂದಾಪುರ ಕಡೆಯ ಎಷ್ಟೋ ಹುಡುಗರು ಮದರಾಸಿನ ಹೋಟೆಲುಗಳಿಗೆ ಬಂದರು. ಊಟ, ನಿದ್ದೆ ಎಲ್ಲವೂ ಹೋಟೆಲಿನಲ್ಲೇ ಆದ್ದರಿಂದ ಸ್ವಂತ ಮನೆಯ ಯೋಚನೆಯೇ ಹಲವರಿಗೆ ಬರಲಿಲ್ಲ. ಕನ್ನಡ ಚಿತ್ರಗಳು ಕೋಡಂಬಾಕ್ಕಂ, ವಡಪಳನಿಯ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದಾಗ ಬಂದ ತಂತ್ರಜ್ಞರು, ಸಹ ಕಲಾವಿದರು ಉದ್ಯಮ ಬೆಂಗಳೂರಿಗೆ ಹೋದ ಮೇಲೂ ಇಲ್ಲೇ ಉಳಿದರು. ಬ್ಯಾಂಕು, ರೈಲ್ವೆ, ಶಾಲೆಗಳಲ್ಲಿ ದುಡಿದವರು ಮಕ್ಕಳನ್ನು ಓದಿಸಿದರು; ಮಕ್ಕಳು ಬೆಂಗಳೂರು, ಹೈದರಾಬಾದ್, ಅಮೆರಿಕ ಸೇರಿದರು. ಊರಿನ ಮನೆ ಪಾಲಾಗಿ ಹೋಗಿದೆ. ಇಲ್ಲಿನ ಮನೆ ಬಾಡಿಗೆಯದು. ‘ಊರಿಗೆ ಹೋಗಿಬಿಡಿ’ ಎಂದು ಹೇಳುವುದು ಸುಲಭ. ಐವತ್ತು ವರ್ಷ ಮೈಲಾಪುರದಲ್ಲಿ ಬಾಳಿದವರಿಗೆ ಊರು ಯಾವುದು?

ಮಕ್ಕಳ ಜೊತೆ ಹೋಗಿ ಇರುವುದು ಕೆಲವರಿಗೆ ಒಗ್ಗುತ್ತದೆ, ಅದು ಸಂತೋಷದ ವಿಷಯವೇ. ಆದರೆ ಬೇಡವೆನ್ನುವವರೂ ಇದ್ದಾರೆ. ತಮ್ಮ ಹೊತ್ತಿಗೆ ಕಾಫಿ, ತಮ್ಮ ದೇವರ ಗೂಡು, ತಮ್ಮ ಬೀಗದ ಕೈ ತಮ್ಮ ಸೆರಗಿನಲ್ಲೇ ಇರಬೇಕೆನ್ನುವುದು ಹಠವಲ್ಲ. ಹಿರಿಯರ ಮನೆ ಸೇರಿದರೆ ‘ಮಕ್ಕಳು ಕೈಬಿಟ್ಟರು’ ಎಂದು ಆಡಿಕೊಳ್ಳುವುದನ್ನು ಮೊದಲು ನಾವು ನಮ್ಮ ನೆಂಟರಿಷ್ಟರ ನಡುವೆ ನಿಲ್ಲಿಸಬೇಕು.

ಆಸರೆ ಮನೆ ಎಂದರೆ ಯಾವುದು?

‘ವೃದ್ಧಾಶ್ರಮ’ ಎಂಬ ಒಂದೇ ಮಾತಿನಲ್ಲಿ ನಾವು ನಾಲ್ಕು ಬೇರೆ ಬೇರೆ ವ್ಯವಸ್ಥೆಗಳನ್ನು ಸೇರಿಸಿಬಿಡುತ್ತೇವೆ. ಬೇರ್ಪಡಿಸಿ ನೋಡಿದರೆ ಆಯ್ಕೆ ಸುಲಭವಾಗುತ್ತದೆ.

1. ಸ್ವತಂತ್ರ ವಾಸದ ಮನೆ. ಒಂದು ಅಥವಾ ಎರಡು ಕೋಣೆಯ ಪ್ರತ್ಯೇಕ ಮನೆ, ಸ್ವಂತ ಬಾಗಿಲು, ಸಣ್ಣ ಅಡುಗೆಮನೆ. ಊಟದ ಹಾಲ್, ಕಾವಲು, ಕರೆಗಂಟೆ, ಕರೆದರೆ ಬರುವ ನರ್ಸ್ ಇವು ಎಲ್ಲರಿಗೂ ಸಾಮಾನ್ಯ. ಅಡುಗೆ ಮಾಡಿಕೊಳ್ಳಬಹುದು, ಬೇಡವಾದ ದಿನ ಹಾಲ್‌ನಲ್ಲಿ ಉಣ್ಣಬಹುದು. ತನ್ನ ಕೆಲಸ ತಾನು ಮಾಡಿಕೊಳ್ಳುವವರಿಗೆ ಇದು.

2. ನೆರವಿನ ವಾಸ. ಸ್ನಾನ, ಬಟ್ಟೆ, ಮಾತ್ರೆ, ನಡೆದಾಟಕ್ಕೆ ದಿನವೂ ಒಬ್ಬರ ಕೈ ಬೇಕಾದವರಿಗೆ. ಕೋಣೆ ಬಾಡಿಗೆ, ಊಟ, ಆಯಾ, ನರ್ಸ್ ಎಲ್ಲ ಸೇರಿ ತಿಂಗಳ ಲೆಕ್ಕ.

3. ಶುಶ್ರೂಷಾ ವಾಸ. ಹಾಸಿಗೆ ಹಿಡಿದವರು, ಮರೆವಿನ ಕಾಯಿಲೆಯವರು, ಶಸ್ತ್ರಚಿಕಿತ್ಸೆಯಾಗಿ ಕೆಲವು ವಾರ ಚೇತರಿಸಿಕೊಳ್ಳಬೇಕಾದವರು ಇರುವ ಜಾಗ.

4. ಧರ್ಮಾರ್ಥ ವೃದ್ಧಾಶ್ರಮ. ಹಣವಿಲ್ಲದ, ಯಾರೂ ಇಲ್ಲದ ಹಿರಿಯರಿಗೆ ಉಚಿತವಾಗಿ ಅಥವಾ ಅಲ್ಪ ಶುಲ್ಕಕ್ಕೆ. ಚೆನ್ನೈಯಲ್ಲಿ 1978ರಲ್ಲಿ ಸಾವಿತ್ರಿ ವೈತಿಯವರು ನಿರ್ಗತಿಕ ಹಿರಿಯರಿಗಾಗಿ ಆರಂಭಿಸಿದ ‘ವಿಶ್ರಾಂತಿ’ ಇಂಥ ಸೇವೆಗೆ ಹೆಸರಾದದ್ದು.

ಈ ಲೇಖನದ ಮುಖ್ಯ ವಿಷಯ ಮೊದಲನೆಯದು. ಬ್ರಿಟನ್ನಿನಲ್ಲಿ ಸ್ಥಳೀಯ ಆಡಳಿತಗಳೂ ಲಾಭವಿಲ್ಲದ ವಸತಿ ಸಂಘಗಳೂ ಇಂಥ ಮನೆಗಳನ್ನು ಕಟ್ಟಿ ಹಿರಿಯರಿಗೆ ಬಾಡಿಗೆಗೆ ಕೊಡುವ ಪದ್ಧತಿ ದಶಕಗಳಿಂದ ಇದೆ. ಒಬ್ಬ ಮೇಲ್ವಿಚಾರಕ, ಪ್ರತಿ ಮನೆಯಲ್ಲೂ ಎಳೆದರೆ ಗಂಟೆ ಬಾರಿಸುವ ಹಗ್ಗ, ಸೇರಿ ಕೂರಲು ಒಂದು ಕೋಣೆ; ಅದರ ತಿರುಳು ಇಷ್ಟೇ. ನಮ್ಮ ದೇಶದಲ್ಲಿ ಈ ಕೆಲಸವನ್ನು ಹೆಚ್ಚಾಗಿ ಖಾಸಗಿ ಕಟ್ಟಡ ಸಂಸ್ಥೆಗಳು ಮಾಡುತ್ತಿವೆ. ತಮಿಳುನಾಡಿನಲ್ಲಿ ಕೊಯಮತ್ತೂರು ಇದಕ್ಕೆ ಮೊದಲಿನಿಂದಲೂ ಹೆಸರುವಾಸಿ. ಚೆನ್ನೈ ಸುತ್ತಲೂ, ಮುಖ್ಯವಾಗಿ ಜಿಎಸ್‌ಟಿ ರಸ್ತೆಯ ತಾಂಬರಂ, ಮರೈಮಲೈನಗರದ ಕಡೆ, ಹಳೆ ಮಹಾಬಲಿಪುರ ರಸ್ತೆಯ ಕಡೆ ಇಂಥ ವಸತಿಗಳು ಬಂದಿವೆ.

ಕೊಳ್ಳುವುದೋ, ಬಾಡಿಗೆಗೆ ಇರುವುದೋ?

ಹಿರಿಯರ ವಸತಿ ಕಟ್ಟುವವರು ಹೆಚ್ಚಾಗಿ ಮನೆ ಮಾರಲು ಬಯಸುತ್ತಾರೆ. ಆದರೆ ಅಲ್ಲಿ ಮನೆ ಕೊಂಡ ಹಲವರು ತಾವು ಈಗಲೇ ಬಂದು ಇರುವುದಿಲ್ಲ. ಹತ್ತು ವರ್ಷದ ನಂತರಕ್ಕೆಂದು ಕೊಂಡಿರುತ್ತಾರೆ. ಅಂಥ ಮನೆಗಳು ಬಾಡಿಗೆಗೆ ಸಿಗುತ್ತವೆ. ಕೇಳಿದರೆ ಮಾತ್ರ ತಿಳಿಯುತ್ತದೆ.

ಎಪ್ಪತ್ತು ದಾಟಿದವರಿಗೆ ಬಾಡಿಗೆಯೇ ಮೇಲೆನ್ನಲು ಕಾರಣಗಳಿವೆ. ಜಾಗ ಒಗ್ಗುತ್ತದೋ ಇಲ್ಲವೋ ಎಂದು ಮೊದಲು ಮೂರು ತಿಂಗಳು ಇದ್ದು ನೋಡಬಹುದು. ಸೇವೆಯ ಗುಣಮಟ್ಟ ಕುಸಿದರೆ ಬಿಡಬಹುದು. ಮುಂದೆ ಹೆಚ್ಚಿನ ಆರೈಕೆ ಬೇಕಾದರೆ ಬೇರೆ ಕಡೆ ಹೋಗಲು ಕೈಯಲ್ಲಿ ಹಣವಿರುತ್ತದೆ. ಹಿರಿಯರಿಗೆ ಮಾತ್ರ ಎಂದು ಕಟ್ಟಿದ ಮನೆಯನ್ನು ಮತ್ತೆ ಮಾರುವಾಗ ಕೊಳ್ಳುವವರೂ ಕಡಿಮೆ.

ಸ್ವಂತ ಮನೆ ಇರುವವರು ಅದನ್ನು ಮಾರಿ ಬರಬೇಕೆಂದೇನಿಲ್ಲ. ಅದನ್ನು ಬಾಡಿಗೆಗೆ ಕೊಟ್ಟು, ಆ ಬಾಡಿಗೆಯಿಂದ ಆಸರೆ ಮನೆಯ ಬಾಡಿಗೆ ಕಟ್ಟುವುದು ಒಳ್ಳೆಯ ದಾರಿ. ಮಕ್ಕಳ ಹೆಸರಿಗೆ ಮನೆ ಬರೆದುಕೊಟ್ಟು ಬರುವ ಯೋಚನೆಯಿದ್ದರೆ ಮುಂದಿನ ಕಾನೂನಿನ ಭಾಗವನ್ನು ಓದಿದ ಮೇಲೆ ಯೋಚಿಸಿ.

ಹಣದ ಲೆಕ್ಕ

ಬಾಡಿಗೆ ಎಷ್ಟು ಎಂದು ಕೇಳಿ ಸುಮ್ಮನಾಗಬೇಡಿ. ತಿಂಗಳ ಖರ್ಚು ಐದು ಭಾಗಗಳಲ್ಲಿ ಬರುತ್ತದೆ: ಮನೆ ಬಾಡಿಗೆ; ಮೇಂಟೆನೆನ್ಸ್; ಊಟ; ವಿದ್ಯುತ್, ಗ್ಯಾಸ್, ಫೋನು; ವೈದ್ಯಕೀಯ ಸೇವೆ. ಐದನ್ನೂ ಕೂಡಿಸಿದ ಮೊತ್ತವೇ ನಿಜವಾದ ಬಾಡಿಗೆ. ಇದರ ಮೇಲೆ ಸೇರುವಾಗ ಒಮ್ಮೆ ಕೊಡುವ ಮುಂಗಡ. ಅದರಲ್ಲಿ ಹಿಂದಿರುಗುವುದು ಎಷ್ಟು, ಹಿಂದಿರುಗದ ‘ಪ್ರವೇಶ ಶುಲ್ಕ’ ಎಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳಿ.

ಪ್ರತಿ ವರ್ಷದ ಏರಿಕೆಯನ್ನು ಮರೆಯುವುದೇ ಹೆಚ್ಚಿನವರು ಎಡವುವ ಜಾಗ. ಒಂದು ಉದಾಹರಣೆ: ಎಲ್ಲ ಸೇರಿ ತಿಂಗಳಿಗೆ 25,000 ರೂಪಾಯಿ ಆಗುತ್ತದೆ ಎಂದುಕೊಳ್ಳಿ. ವರ್ಷಕ್ಕೆ 8% ಏರಿದರೆ ಒಂಬತ್ತು ವರ್ಷದಲ್ಲಿ ಅದು 50,000 ಆಗುತ್ತದೆ. 72ನೇ ವಯಸ್ಸಿನಲ್ಲಿ ಸೇರಿದವರಿಗೆ 81 ಆದಾಗ, ಆರೈಕೆ ಹೆಚ್ಚು ಬೇಕಾದ ಹೊತ್ತಿನಲ್ಲೇ, ಖರ್ಚು ದುಪ್ಪಟ್ಟು. ಇಂದಿನ ಪಿಂಚಣಿಗೆ ಸರಿಹೋಗುತ್ತದೆ ಎಂದು ಸೇರಿದರೆ ಸಾಲದು. ಹತ್ತು ವರ್ಷದ ನಂತರದ ಮೊತ್ತವನ್ನೂ ಕಾಗದದ ಮೇಲೆ ಬರೆದು ನೋಡಬೇಕು.

ಆದಾಯದ ಕಡೆ ಬಂದರೆ, ಅಂಚೆ ಕಚೇರಿ ಮತ್ತು ಬ್ಯಾಂಕುಗಳಲ್ಲಿರುವ ಹಿರಿಯ ನಾಗರಿಕರ ಉಳಿತಾಯ ಯೋಜನೆ ನೆಮ್ಮದಿಯದು. 2023ರ ಏಪ್ರಿಲ್‌ನಿಂದ ಇದರ ಮಿತಿ 30 ಲಕ್ಷ ರೂಪಾಯಿ, ಬಡ್ಡಿ 8.2%ಕ್ಕೆ ಏರಿತು. ಆ ದರದಲ್ಲಿ 15 ಲಕ್ಷ ಇಟ್ಟರೆ ತಿಂಗಳಿಗೆ ಸರಾಸರಿ 10,250 ರೂಪಾಯಿ, 30 ಲಕ್ಷ ಇಟ್ಟರೆ 20,500 ರೂಪಾಯಿ ಬರುತ್ತದೆ. ಕೈಗೆ ಸಿಗುವುದು ಮೂರು ತಿಂಗಳಿಗೊಮ್ಮೆ. ಇಟ್ಟ ದಿನದ ದರ ಐದು ವರ್ಷ ಬದಲಾಗುವುದಿಲ್ಲ. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದರಿಂದ ಇಡುವ ಮುನ್ನ ವಿಚಾರಿಸಿ. ಹತ್ತು ಲಕ್ಷ ಮುಂಗಡ ಕೇಳುವ ಮನೆಗೆ ಹಣ ಕೊಟ್ಟರೆ ಈ ಬಡ್ಡಿಯೂ ಹೋಗುತ್ತದೆ ಎಂಬುದನ್ನು ಲೆಕ್ಕದಲ್ಲಿ ಹಿಡಿಯಿರಿ.

ತೆರಿಗೆಯ ಒಂದು ಮಾತು. ಆದಾಯ ತೆರಿಗೆ ಕಾಯ್ದೆಯಡಿ ನೋಂದಾಯಿತವಾದ ಧರ್ಮಾರ್ಥ ಸಂಸ್ಥೆ ನಡೆಸುವ ವೃದ್ಧಾಶ್ರಮದಲ್ಲಿ, 60 ದಾಟಿದವರಿಂದ ಊಟ, ವಸತಿ, ನಿರ್ವಹಣೆ ಎಲ್ಲ ಸೇರಿ ತಿಂಗಳಿಗೆ ಒಬ್ಬರಿಗೆ 25,000 ರೂಪಾಯಿವರೆಗೆ ತೆಗೆದುಕೊಂಡರೆ ಅದಕ್ಕೆ ಜಿಎಸ್‌ಟಿ ಇಲ್ಲ. 2018ರಲ್ಲಿ ಬಂದ ವಿನಾಯಿತಿ ಇದು. ಖಾಸಗಿ ಸಂಸ್ಥೆಗಳ ಸೇವಾ ಶುಲ್ಕದ ಮೇಲೆ ಜಿಎಸ್‌ಟಿ ಬರಬಹುದು. ಹೇಳಿದ ಮೊತ್ತ ತೆರಿಗೆ ಸೇರಿದ್ದೋ, ಬಿಟ್ಟದ್ದೋ ಎಂದು ಮೊದಲೇ ಕೇಳಿ.

ಕರಾರು ಪತ್ರದಲ್ಲಿ ನೋಡಬೇಕಾದದ್ದು

ತಮಿಳುನಾಡಿನಲ್ಲಿ ಮನೆ ಮಾಲೀಕರ ಮತ್ತು ಬಾಡಿಗೆದಾರರ ಹಕ್ಕು, ಹೊಣೆಗಳ 2017ರ ಕಾಯ್ದೆ 2019ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಇದರ ಪ್ರಕಾರ ಬಾಡಿಗೆ ಕರಾರು ಲಿಖಿತವಾಗಿರಬೇಕು. ಬಾಡಿಗೆ ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಕರಾರಿನಲ್ಲಿ ಬೇರೆ ರೀತಿ ಒಪ್ಪಿಕೊಂಡಿಲ್ಲದಿದ್ದರೆ ಮುಂಗಡ ಮೂರು ತಿಂಗಳ ಬಾಡಿಗೆಯನ್ನು ಮೀರುವಂತಿಲ್ಲ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಾದ ಚೆನ್ನೈಯಲ್ಲಿ ಇದು ಹಲವರಿಗೆ ಗೊತ್ತೇ ಇಲ್ಲ.

ಆದರೆ ಎಚ್ಚರ. ಹಿರಿಯರ ವಸತಿಗಳಲ್ಲಿ ಸಹಿ ಹಾಕಿಸಿಕೊಳ್ಳುವ ಕಾಗದ ಎಲ್ಲ ಸಲವೂ ಬಾಡಿಗೆ ಕರಾರಾಗಿರುವುದಿಲ್ಲ. ‘ವಾಸದ ಒಪ್ಪಂದ’, ‘ಸೇವಾ ಒಪ್ಪಂದ’ ಎಂಬ ಹೆಸರಿನಲ್ಲಿ, ಇರಲು ಅನುಮತಿ ಮಾತ್ರ ಕೊಟ್ಟಿರುತ್ತಾರೆ. ಅಂಥಲ್ಲಿ ಬಾಡಿಗೆದಾರನ ಕಾನೂನು ರಕ್ಷಣೆ ಸಿಗದೆ ಹೋಗಬಹುದು. ಯಾವ ಬಗೆಯ ಕಾಗದ ಎಂದು ಪರಿಚಯದ ವಕೀಲರಿಗೆ ಒಮ್ಮೆ ತೋರಿಸಿ. ಸೇವೆಯಲ್ಲಿ ಲೋಪವಾದರೆ ಯಾವ ಬಗೆಯ ಕಾಗದವಿದ್ದರೂ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಗ್ರಾಹಕರ ಸಹಾಯವಾಣಿ 1915.

ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2019ರಲ್ಲಿ ನಿವೃತ್ತರ ವಸತಿಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿದೆ. ಕಟ್ಟಿದವರು, ಸೇವೆ ಕೊಡುವವರು, ವಾಸಿಸುವವರು ಈ ಮೂವರ ನಡುವೆ ಒಪ್ಪಂದವಾಗಬೇಕು ಎಂಬುದು ಅದರಲ್ಲಿನ ಒಂದು ಮುಖ್ಯ ಸಲಹೆ. ಅಡುಗೆಯ, ನರ್ಸಿನ ಕೆಲಸವನ್ನು ಬೇರೆ ಕಂಪನಿಗೆ ವಹಿಸಿ, ಅದು ನಡುವೆ ಬಿಟ್ಟುಹೋದರೆ ಯಾರನ್ನು ಕೇಳುವುದು ಎಂಬ ತೊಡಕಿಗೆ ಇದು ಉತ್ತರ.

ಸಹಿ ಹಾಕುವ ಮುನ್ನ ಈ ಆರು ಪ್ರಶ್ನೆಗಳಿಗೆ ಬರವಣಿಗೆಯಲ್ಲಿ ಉತ್ತರ ಪಡೆಯಿರಿ:

1. ನನಗೆ ನಡೆಯಲಾಗದೆ ಹೋದರೆ, ಮರೆವು ಬಂದರೆ, ಇಲ್ಲಿಯೇ ಇರಬಹುದೇ? ಬಿಡಬೇಕೆಂದರೆ ಎಷ್ಟು ದಿನದ ನೋಟಿಸ್? ಅದನ್ನು ತೀರ್ಮಾನಿಸುವವರು ಯಾರು?
2. ಆಸ್ಪತ್ರೆಯಲ್ಲಿ ಒಂದು ತಿಂಗಳು ಇದ್ದರೆ ಊಟದ, ಸೇವೆಯ ಹಣ ಕಡಿತವಾಗುತ್ತದೆಯೇ? ಮನೆ ನನ್ನದಾಗಿಯೇ ಇರುತ್ತದೆಯೇ?
3. ದಂಪತಿಗಳಲ್ಲಿ ಒಬ್ಬರು ತೀರಿಕೊಂಡರೆ ಇನ್ನೊಬ್ಬರ ಬಾಡಿಗೆ, ಊಟದ ಲೆಕ್ಕ ಹೇಗೆ?
4. ವರ್ಷದ ಏರಿಕೆಗೆ ಮಿತಿ ಎಷ್ಟು?
5. ಮುಂಗಡ ಎಷ್ಟು ದಿನದಲ್ಲಿ, ಯಾರ ಕೈಗೆ ಹಿಂದಿರುಗುತ್ತದೆ? ನಾಮಿನಿಯ ಹೆಸರು ಬರೆದಿದೆಯೇ?
6. ರಾತ್ರಿ ಎರಡು ಗಂಟೆಗೆ ಎದೆನೋವು ಬಂದರೆ ಮೊದಲು ಬರುವವರು ಯಾರು? ಆಂಬುಲೆನ್ಸ್ ಅವರದೋ, 108 ಕರೆಯಬೇಕೋ? ಯಾವ ಆಸ್ಪತ್ರೆಗೆ?

ಮೊದಲನೆಯ ಪ್ರಶ್ನೆಗೆ ಎರಡು ಗೆರೆ ಹಾಕಿಕೊಳ್ಳಿ. ಸ್ವತಂತ್ರ ವಾಸದ ಮನೆಗಳು ಓಡಾಡುವವರಿಗೆಂದು ಇರುವುದರಿಂದ, ಕೈಕಾಲು ಸೋತಾಗ ‘ಬೇರೆ ವ್ಯವಸ್ಥೆ ಮಾಡಿಕೊಳ್ಳಿ’ ಎನ್ನುವ ಷರತ್ತು ಕಾಗದದಲ್ಲಿ ಎಲ್ಲೋ ಸಣ್ಣ ಅಕ್ಷರದಲ್ಲಿ ಇರಬಹುದು. ಆಸರೆ ಬೇಕೆಂದು ಸೇರಿದವರಿಗೆ ಆಸರೆ ಬೇಕಾದ ದಿನವೇ ಮನೆ ಇಲ್ಲವಾಗಬಾರದು. ಅದೇ ಆವರಣದಲ್ಲಿ ನೆರವಿನ ವಾಸದ ವಿಭಾಗವೂ ಇರುವ ಜಾಗ ಸಿಕ್ಕರೆ ಅದಕ್ಕೆ ಮೊದಲ ಆದ್ಯತೆ ಕೊಡಿ.

ನೋಡಲು ಹೋದಾಗ

ಕರಪತ್ರದ ಚಿತ್ರ ನೋಡಿ ನಿರ್ಧರಿಸಬೇಡಿ. ಹೇಳದೆ ಒಮ್ಮೆ ಹೋಗಿ, ಮಧ್ಯಾಹ್ನದ ಊಟದ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು. ಹಣ ಕೊಟ್ಟು ಅಲ್ಲೇ ಊಟ ಮಾಡಿ. ಅಲ್ಲಿರುವ ಹಿರಿಯರೊಡನೆ ಸಿಬ್ಬಂದಿ ಇಲ್ಲದಾಗ ಎರಡು ಮಾತಾಡಿ.

ಬಚ್ಚಲು ನೋಡಿ: ನೆಲ ಒರಟಾಗಿದೆಯೇ, ಕಮೋಡ್ ಪಕ್ಕದಲ್ಲಿ ಹಿಡಿಕೆ ಇದೆಯೇ, ಕೂತು ಸ್ನಾನ ಮಾಡಬಹುದೇ, ಬಾಗಿಲು ಹೊರಗಿನಿಂದಲೂ ತೆಗೆಯಲು ಬರುತ್ತದೆಯೇ? ಬಾಗಿಲುಗಳು ಸುಮಾರು ಮೂರಡಿ ಅಗಲವಿದ್ದರೆ ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ. ಹೊಸ್ತಿಲು ಎಡವುವಂತಿರಬಾರದು. ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಯುತ್ತದೆಯೇ? ಕರೆಗಂಟೆಯನ್ನು ನೀವೇ ಒತ್ತಿ, ಗಡಿಯಾರ ನೋಡಿಕೊಂಡು ನಿಲ್ಲಿ. ಎಷ್ಟು ನಿಮಿಷಕ್ಕೆ ಬಂದರು?

ಚೆನ್ನೈಯವರು ಮರೆಯಬಾರದ ಇನ್ನೊಂದು ಸಂಗತಿ ಮಳೆ. 2015ರ ಡಿಸೆಂಬರಿನ ಪ್ರವಾಹದಲ್ಲಿ, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ನಗರದ ದಕ್ಷಿಣ ಭಾಗದ ಎಷ್ಟೋ ಬಡಾವಣೆಗಳು ದಿನಗಟ್ಟಲೆ ನೀರಿನಲ್ಲಿದ್ದವು. ಕರೆಂಟ್ ಇಲ್ಲ, ಫೋನ್ ಇಲ್ಲ, ಹಾಲಿಲ್ಲ. ಹೊಸ ವಸತಿಗಳು ಬಹಳಷ್ಟು ಹೊರವಲಯದಲ್ಲೇ ಇವೆ. ಆ ಎರಡು ಮಳೆಗಳಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು ಎಂದು ಪಕ್ಕದ ಅಂಗಡಿಯವರನ್ನು ಕೇಳಿ. ಜನರೇಟರ್ ಎಷ್ಟು ಗಂಟೆ ನಡೆಯುತ್ತದೆ, ಅದಕ್ಕೆ ಲಿಫ್ಟ್ ಸೇರಿದೆಯೇ, ಇನ್ಸುಲಿನ್ ಇಡುವ ಫ್ರಿಜ್ ಸೇರಿದೆಯೇ ಎಂದು ಕಚೇರಿಯಲ್ಲಿ ಕೇಳಿ.

ಮಾತು ಮತ್ತು ಊಟ

ಇದು ಬೇರೆಯವರ ಪಟ್ಟಿಯಲ್ಲಿ ಸಿಗದ, ನಮಗೆ ಬಹಳ ಮುಖ್ಯವಾದ ವಿಷಯ. ನಮ್ಮ ಹಿರಿಯರಲ್ಲಿ ಹೆಚ್ಚಿನವರು ತಮಿಳನ್ನು ತಮಿಳರಂತೆಯೇ ಮಾತಾಡುತ್ತಾರೆ. ಆದರೆ ಮರೆವಿನ ಕಾಯಿಲೆ ಬಂದಾಗ ನಂತರ ಕಲಿತ ಭಾಷೆ ಮೊದಲು ಮಾಸುತ್ತಾ ಹೋಗಿ, ತಾಯ್ನುಡಿ ಉಳಿದುಕೊಳ್ಳುವುದು ಅನೇಕರಲ್ಲಿ ಕಂಡುಬಂದಿದೆ. ನಲವತ್ತು ವರ್ಷ ತಮಿಳಿನಲ್ಲೇ ವ್ಯವಹರಿಸಿದ ಅಜ್ಜಿ ಒಂದು ದಿನ ‘ಹೊಟ್ಟೆ ಉರಿಯುತ್ತೆ’, ‘ಒಂದಕ್ಕೆ ಹೋಗಬೇಕು’ ಎಂದು ಕನ್ನಡದಲ್ಲೋ ತುಳುವಿನಲ್ಲೋ ಹೇಳಿದರೆ, ಎದುರಿಗಿರುವ ಆಯಾಗೆ ತಿಳಿಯದಿದ್ದರೆ, ಆ ನೋವು ‘ಹಠ’ ಎಂದು ದಾಖಲಾಗುತ್ತದೆ.

ಆದ್ದರಿಂದ ಎರಡು ಕೆಲಸ ಮಾಡಿ. ನೋವು, ಬಾಯಾರಿಕೆ, ಬಚ್ಚಲು, ತಲೆಸುತ್ತು, ಚಳಿ, ಹೆದರಿಕೆ ಮುಂತಾದ ಇಪ್ಪತ್ತು ಮಾತುಗಳನ್ನು ತಮಿಳು ಅಕ್ಷರದಲ್ಲಿ, ಅರ್ಥದೊಡನೆ ಒಂದು ಹಾಳೆಯಲ್ಲಿ ಬರೆದು ಕೋಣೆಯ ಗೋಡೆಗೆ ಅಂಟಿಸಿ. ಒಬ್ಬ ಕನ್ನಡ ಬಲ್ಲವರ ಫೋನ್ ನಂಬರನ್ನು ಅದರ ಕೆಳಗೆ ಬರೆಯಿರಿ. ಹಾಗೆಯೇ ಊಟ. ಮೂರು ಹೊತ್ತೂ ಊಟ ಕೊಡುತ್ತಾರೆ ಎಂಬುದು ಸಾಲದು. ಚಪ್ಪೆ ಊಟ, ಸಕ್ಕರೆ ಕಾಯಿಲೆಯ ಊಟ, ಏಕಾದಶಿಯ ಫಲಾಹಾರ ಕೇಳಿದರೆ ಮಾಡಿಕೊಡುತ್ತಾರೆಯೇ? ಬಾಯಿಗೆ ಹತ್ತದ ಊಟ ಹಿರಿಯರನ್ನು ಸದ್ದಿಲ್ಲದೆ ಸೊರಗಿಸುತ್ತದೆ.

ಮನೆಯಲ್ಲೇ ಇರುವವರಿಗೆ, ಕೈಯಲ್ಲಿ ಹಣವಿಲ್ಲದವರಿಗೆ

ಎಲ್ಲರೂ ಮನೆ ಬದಲಿಸಬೇಕಾಗಿಲ್ಲ. ನೆಲಮಹಡಿಗೆ ಇಳಿಯುವುದು, ಬಚ್ಚಲಿಗೆ ಹಿಡಿಕೆ ಹಾಕಿಸುವುದು, ಬೆಳಿಗ್ಗೆ ಎಂಟಕ್ಕೆ ಒಬ್ಬರು ಫೋನ್ ಮಾಡುವುದು, ಬಾಗಿಲ ಕೀಲಿ ಇನ್ನೊಂದನ್ನು ನೆರೆಯವರ ಬಳಿ ಇಡುವುದು. ಇಷ್ಟರಿಂದಲೇ ಎಷ್ಟೋ ಮನೆ ಆಸರೆ ಮನೆಯಾಗುತ್ತದೆ. ಇದರ ಜೊತೆಗೆ ಈ ಸೌಲಭ್ಯಗಳನ್ನು ತಿಳಿದಿರಿ:

ಹಿರಿಯರ ಸಹಾಯವಾಣಿ 14567. ಮಾಹಿತಿ, ಕಾನೂನು ಸಲಹೆ, ದೌರ್ಜನ್ಯದ ದೂರು, ದಿಕ್ಕಿಲ್ಲದ ಹಿರಿಯರ ರಕ್ಷಣೆಗೆ ಉಚಿತ ಕರೆ.

ಮಕ್ಕಳೈ ತೇಡಿ ಮರುತ್ತುವಂ. ತಮಿಳುನಾಡು ಸರ್ಕಾರ 2021ರ ಆಗಸ್ಟಿನಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆ, ಫಿಸಿಯೋಥೆರಪಿ, ಹಾಸಿಗೆ ಹಿಡಿದವರ ಉಪಶಮನ ಆರೈಕೆ ಮನೆ ಬಾಗಿಲಿಗೆ ಬರುತ್ತದೆ. ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸಿ.

ಗಿಂಡಿಯ ರಾಷ್ಟ್ರೀಯ ವೃದ್ಧಾಪ್ಯ ಕೇಂದ್ರ. ಕಿಂಗ್ ಇನ್‌ಸ್ಟಿಟ್ಯೂಟ್ ಆವರಣದಲ್ಲಿ 2024ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ, 200 ಹಾಸಿಗೆಯ, ಹಿರಿಯರಿಗೆಂದೇ ಇರುವ ಸರ್ಕಾರಿ ಆಸ್ಪತ್ರೆ. ವೃದ್ಧರ ವೈದ್ಯಶಾಸ್ತ್ರದಲ್ಲಿ ಚೆನ್ನೈ ದೇಶಕ್ಕೇ ಮೊದಲು ದಾರಿ ತೋರಿದ ಊರು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಡಾ. ವಿ.ಎಸ್. ನಟರಾಜನ್ ಅವರು ಬೆಳೆಸಿದ ವಿಭಾಗದ ಪರಂಪರೆ ನಮ್ಮ ಹತ್ತಿರವೇ ಇದೆ. ಬಳಸಿಕೊಳ್ಳೋಣ.

ವಿಮೆ. ವರ್ಷಕ್ಕೆ 1,20,000 ರೂಪಾಯಿ ಒಳಗಿನ ಆದಾಯದ ಕುಟುಂಬಗಳಿಗೆ ತಮಿಳುನಾಡಿನ ಮುಖ್ಯಮಂತ್ರಿ ಸಮಗ್ರ ಆರೋಗ್ಯ ವಿಮೆ ಇದೆ. 70 ದಾಟಿದ ಎಲ್ಲರಿಗೂ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ರಕ್ಷಣೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು ಆರಂಭಿಸಿತು. ಆಧಾರ್ ತೋರಿಸಿ ಕಾರ್ಡ್ ಮಾಡಿಸಬೇಕು. ಖಾಸಗಿ ವಿಮೆ ಕೊಳ್ಳಲು ಇದ್ದ 65ರ ವಯೋಮಿತಿಯನ್ನು ವಿಮಾ ಪ್ರಾಧಿಕಾರ 2024ರ ಏಪ್ರಿಲ್‌ನಿಂದ ತೆಗೆದುಹಾಕಿದೆ.

ಕಾನೂನು ಹಿರಿಯರ ಕಡೆ ಇದೆ

ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರಲ್ಲಿ ಬಂತು. ತಮ್ಮ ಆದಾಯ, ಆಸ್ತಿಯಿಂದ ಬದುಕು ಸಾಗಿಸಲಾಗದ ತಂದೆ ತಾಯಿ ಮಕ್ಕಳಿಂದ ಪೋಷಣೆಯ ಹಣ ಕೇಳಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ತಮಿಳುನಾಡಿನಲ್ಲಿ ಇದು ಕಂದಾಯ ವಿಭಾಗಾಧಿಕಾರಿಯ ಮುಂದೆ ನಡೆಯುತ್ತದೆ. ತಿಂಗಳಿಗೆ 10,000 ರೂಪಾಯಿವರೆಗೆ ಆದೇಶಿಸಬಹುದು. ನೋಟಿಸ್ ತಲುಪಿದ 90 ದಿನದೊಳಗೆ ತೀರ್ಮಾನವಾಗಬೇಕು ಎಂಬುದು ಕಾಯ್ದೆಯ ಮಾತು.

ಇದೇ ಕಾಯ್ದೆಯ 23ನೇ ವಿಧಿ ಎಲ್ಲರಿಗೂ ಗೊತ್ತಿರಬೇಕು. ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಮಕ್ಕಳಿಗೋ ನೆಂಟರಿಗೋ ಆಸ್ತಿ ಬರೆದುಕೊಟ್ಟು, ಅವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದು ಮಾಡಿಸಬಹುದು. ಆದರೆ ಷರತ್ತು ಪತ್ರದಲ್ಲೇ ಬರೆದಿದ್ದರೆ ವಾದ ಗಟ್ಟಿ. ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನ ಒಂದು ತೀರ್ಪಿನಲ್ಲಿ ಷರತ್ತು ಇರಲೇಬೇಕೆಂದಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಈ ಕಾಯ್ದೆಯನ್ನು ಹಿರಿಯರಿಗೆ ಅನುಕೂಲವಾಗುವಂತೆ ಉದಾರವಾಗಿ ಓದಬೇಕೆಂದಿತು. ವಾದಕ್ಕೆ ಎಡೆ ಕೊಡದಿರುವುದೇ ಜಾಣತನ. ದಾನಪತ್ರ ಬರೆಯುವುದಿದ್ದರೆ ‘ಕೊನೆಯವರೆಗೆ ವಸತಿ, ಊಟ, ಔಷಧ’ ಎಂಬ ಒಂದು ಸಾಲನ್ನು ಬಿಡಬೇಡಿ. ಇನ್ನೂ ಒಳ್ಳೆಯದು, ಬದುಕಿರುವವರೆಗೆ ಆಸ್ತಿ ತಮ್ಮ ಹೆಸರಿನಲ್ಲೇ ಇರಲಿ. ಉಯಿಲು ಬರೆದಿಟ್ಟರೆ ಸಾಕು.

ನಮ್ಮ ನಿಧಿ ಇಲ್ಲಿ ಏಕೆ ಬೇಕು?

ಆಯುಷ್ಮಾನ್ ಕಾರ್ಡ್ ಇದ್ದವರಿಗೆ ಆಸ್ಪತ್ರೆಯ ಖರ್ಚಿನ ಜೊತೆಗೆ ಬಿಡುಗಡೆಯಾದ ಮೇಲೆ 15 ದಿನದ ಔಷಧ ಇತ್ಯಾದಿಗೆ ರಕ್ಷಣೆ ಉಂಟು. ಸೊಂಟದ ಮೂಳೆ ಮುರಿದವರು ಮತ್ತೆ ಕೋಲು ಹಿಡಿದು ಓಡಾಡಲು ಸಾಮಾನ್ಯವಾಗಿ ತಿಂಗಳುಗಳು ಬೇಕು. ಆ 15 ದಿನಕ್ಕೂ ಈ ತಿಂಗಳುಗಳಿಗೂ ನಡುವಿನ ಕಂದಕವನ್ನು ಯಾವ ವಿಮೆಯೂ ಸುಲಭವಾಗಿ ತುಂಬುವುದಿಲ್ಲ. ಹಗಲು ರಾತ್ರಿಯ ಆಯಾ, ಫಿಸಿಯೋಥೆರಪಿ, ಬಾಡಿಗೆಯ ಆಸ್ಪತ್ರೆ ಮಂಚ, ವಾಕರ್, ಚೇತರಿಕೆಗೆ ಶುಶ್ರೂಷಾ ವಾಸದಲ್ಲಿ ಕೆಲವು ವಾರ; ಇವೆಲ್ಲ ಕೈಯಿಂದಲೇ ಹೋಗಬೇಕು. ಒಬ್ಬರೇ ಇರುವ ಬಡ ಹಿರಿಯರು ಈ ಹಣವಿಲ್ಲದೆ ಬೇಗ ಮನೆಗೆ ಬಂದು, ಮತ್ತೆ ಬಿದ್ದು, ಮತ್ತೆ ಆಸ್ಪತ್ರೆ ಸೇರುತ್ತಾರೆ. ಆಗ ನಾವು ಮೊದಲ ಸಲ ಕೊಟ್ಟ ನೆರವೂ ನೀರಿನಲ್ಲಿ ಹೋಮವಾದಂತೆ.

ಆದ್ದರಿಂದ ವೈದ್ಯಕೀಯ ನೆರವು ಎಂದರೆ ಆಪರೇಷನ್ ಬಿಲ್ಲಿಗೆ ಮಾತ್ರ ಎಂದುಕೊಳ್ಳದೆ, ಆಸ್ಪತ್ರೆಯ ನಂತರದ ಮೊದಲ ಮೂರು ತಿಂಗಳ ಆಸರೆಗೂ ಎಂದು ದಾನಿಗಳು ಒಪ್ಪಬೇಕೆಂದು ಕೇಳಿಕೊಳ್ಳುತ್ತೇವೆ. ಈ ಉದ್ದೇಶಕ್ಕೆ ಕೊಡುವವರು ಚೆಕ್ಕಿನ ಹಿಂದೆ ಅಥವಾ ಬ್ಯಾಂಕ್ ವರ್ಗಾವಣೆಯ ಟಿಪ್ಪಣಿಯಲ್ಲಿ ‘ಚೇತರಿಕೆ ನೆರವು’ ಎಂದು ಬರೆಯಿರಿ. ನಗದಾಗಿ 2,000 ರೂಪಾಯಿಗಿಂತ ಹೆಚ್ಚು ಕೊಟ್ಟರೆ ತೆರಿಗೆ ವಿನಾಯಿತಿ ಸಿಗುವುದಿಲ್ಲವಾದ್ದರಿಂದ ಚೆಕ್ ಅಥವಾ ವರ್ಗಾವಣೆಯೇ ಒಳ್ಳೆಯದು. ಬಳಸಿ ಮೂಲೆಯಲ್ಲಿಟ್ಟ ವಾಕರ್, ಗಾಲಿಕುರ್ಚಿ, ಕಮೋಡ್ ಕುರ್ಚಿ ಇದ್ದರೆ ಅದೂ ದಾನವೇ; ಕಚೇರಿಗೆ ತಿಳಿಸಿ.

ಹಣ ಕೊಡಲಾಗದವರು ಸಮಯ ಕೊಡಿ. ವಾರಕ್ಕೊಮ್ಮೆ ಒಬ್ಬ ಹಿರಿಯರ ಮನೆಗೆ ಹೋಗಿ ಅರ್ಧ ಗಂಟೆ ಕನ್ನಡದಲ್ಲಿ ಮಾತಾಡುವುದು, ಕರಾರು ಪತ್ರ ಓದಿ ಹೇಳುವುದು, ಮನೆ ನೋಡಲು ಜೊತೆಗೆ ಹೋಗುವುದು, ಕಾರ್ಡ್ ಮಾಡಿಸಲು ಸಾಲಿನಲ್ಲಿ ನಿಲ್ಲುವುದು. ನಿವೃತ್ತ ವಕೀಲರು, ಬ್ಯಾಂಕಿನವರು, ನರ್ಸುಗಳು ನಮ್ಮಲ್ಲಿ ಇದ್ದೀರಿ. ನಿಮ್ಮ ಹೆಸರನ್ನೂ ಬಡಾವಣೆಯನ್ನೂ ಕಾರ್ಯದರ್ಶಿಯವರಲ್ಲಿ ಬರೆಸಿ.

ನೆರವು ಬೇಕಾದ ಹಿರಿಯರು ಸಂಕೋಚಪಡಬೇಡಿ. ಅರ್ಜಿಯ ಜೊತೆ ವೈದ್ಯರ ಚೀಟಿ, ಆಸ್ಪತ್ರೆಯ ಬಿಡುಗಡೆ ಪತ್ರ, ಆಧಾರ್ ಪ್ರತಿ ಇದ್ದರೆ ಸಾಕು. ಬರೆಯಲಾಗದಿದ್ದರೆ ಫೋನ್ ಮಾಡಿ ಹೇಳಿ. ಬರೆದುಕೊಳ್ಳಲು ನಾವು ಬರುತ್ತೇವೆ.